ಪಂಚೇಂದ್ರಿಯಗಳೂ ಕಲಾಪ್ರದರ್ಶನವೂ

ಚಿತ್ರಕಲೆಯ ವಿಚಾರವಾಗಿ ಮಾತನಾಡುವಾಗ ನಾವು ಬಳಸುವ ಶಬ್ದಗಳು ಬಹುಮಟ್ಟಿಗೆ ಕಣ್ಣಿಗೆ ಸಂಬಂಧಪಟ್ಟವು. ಪ್ರದರ್ಶನವೆಂಬ ಮಾತಿನೊಳಗೇ ದರ್ಶನವಿದೆ; ಅಲ್ಲಿಗೆ ಹೋಗುವವನು ಪ್ರೇಕ್ಷಕ, ಅರ್ಥಾತ್ ನೋಡುವವನು. ಕಲಾಶಾಲೆಯೊಂದರ ಒಳಗೆ ಕಾಲಿಟ್ಟ ಕೂಡಲೆ ನಮ್ಮ ನಡೆನುಡಿಗಳೂ ಈ ಶಬ್ದಗಳಿಗೆ ಅನುಗುಣವಾಗಿ ಬದಲಾಗುತ್ತವೆ. ದನಿ ತಗ್ಗುತ್ತದೆ, ಕೈಗಳು ತಾವಾಗಿ ಬೆನ್ನ ಹಿಂದೆ ಸೇರಿಕೊಳ್ಳುತ್ತವೆ, ಗೋಡೆಯಿಂದ ಮೂರಡಿ ದೂರ ನಿಂತು ಕಣ್ಣೊಂದನ್ನೇ ಮುಂದಕ್ಕೆ ಕಳುಹಿಸುತ್ತೇವೆ. ಮುಟ್ಟಬಾರದೆಂಬ ಫಲಕವನ್ನು ಓದುವ ಮೊದಲೇ ನಮಗೆ ಆ ನಿಯಮ ಗೊತ್ತಿರುತ್ತದೆ. ಆದರೆ ಈಚಿನ ಕೆಲವು ದಶಕಗಳಲ್ಲಿ ಪ್ರಪಂಚದ ಅನೇಕ ಕಡೆ, ನಮ್ಮ ದೇಶದಲ್ಲಿಯೂ, ಬೇರೊಂದು ಬಗೆಯ ಪ್ರದರ್ಶನಗಳು ನಡೆದಿವೆ. ಅಲ್ಲಿ ಬಂದವರನ್ನು ಮೂಸಲು, ಮುಟ್ಟಲು, ಕಿವಿಗೊಡಲು, ನೀರಿನಲ್ಲಿ ನಡೆಯಲು, ಕೆಲವೊಮ್ಮೆ ತಿನ್ನಲೂ ಆಹ್ವಾನಿಸುತ್ತಾರೆ. ಇಂಥ ಪ್ರದರ್ಶನಗಳು ಏಕೆ ಹುಟ್ಟಿಕೊಂಡವು, ಅವುಗಳನ್ನು ಹೇಗೆ ಅಣಿಗೊಳಿಸುತ್ತಾರೆ, ಅವುಗಳಿಂದ ಆಗುವ ಲಾಭವೇನು, ಅಪಾಯವೇನು ಎಂಬುದು ಈ ಹೊತ್ತಿನ ವಿಚಾರ.

ಕಿವಿಯೊಂದನ್ನೇ ನಂಬಿ ಬದುಕುವ ರೇಡಿಯೋದ ಮೂಲಕ ಗಂಧ ಸ್ಪರ್ಶಗಳ ಸಂಗತಿ ಹೇಳಹೊರಡುವುದು ಸ್ವಲ್ಪ ವಿನೋದವೇ ಸರಿ. ಆದರೂ ಬಾನುಲಿ ನಾಟಕಗಳನ್ನು ಕೇಳಿದ ರಸಿಕರಿಗೆ ಒಂದು ವಿಷಯ ಅನುಭವದಿಂದಲೇ ತಿಳಿದಿದೆ: ಒಂದು ಇಂದ್ರಿಯವನ್ನು ಸರಿಯಾದ ರೀತಿಯಲ್ಲಿ ತಟ್ಟಿದರೆ ಉಳಿದವು ಕೂಡ ಎಚ್ಚರಗೊಳ್ಳುತ್ತವೆ. ಬಾಗಿಲು ಕಿರುಗುಟ್ಟಿದ ಸದ್ದು ಕೇಳಿದರೆ ಸಾಕು, ಇಡೀ ಮನೆ ಕಣ್ಣ ಮುಂದೆ ನಿಲ್ಲುತ್ತದೆ. ಮುಂದೆ ಹೇಳಲಿರುವ ಪ್ರಯೋಗಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಸತ್ಯವನ್ನೇ ಅವಲಂಬಿಸಿವೆ.

ಮೊದಲು ಮುಟ್ಟಬಾರದೆಂಬ ನಿಯಮವನ್ನೇ ತೆಗೆದುಕೊಳ್ಳೋಣ. ಅದು ಅನಾದಿಯಾದುದೇನೂ ಅಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ೧೬೮೩ರಲ್ಲಿ ಸಾರ್ವಜನಿಕರಿಗೆ ತೆರೆದ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಬಂದವರು ವಸ್ತುಗಳನ್ನು ಕೈಗೆತ್ತಿಕೊಂಡು ನೋಡುತ್ತಿದ್ದರು. ೧೭೧೦ರಲ್ಲಿ ಅಲ್ಲಿಗೆ ಹೋಗಿದ್ದ ಜರ್ಮನ್ ವಿದ್ವಾಂಸ ಊಫೆನ್‌ಬಾಖ್, ಜನರು ಎಲ್ಲವನ್ನೂ ಒರಟಾಗಿ ಹಿಡಿದೆಳೆದು ನೋಡುತ್ತಾರೆಂದು ತನ್ನ ಪ್ರವಾಸದ ಬರಹದಲ್ಲಿ ಆಕ್ಷೇಪಿಸಿದ್ದಾನೆ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಾಲಯಗಳಿಗೆ ಬರುವ ಜನಸಂದಣಿ ಹೆಚ್ಚಿದಂತೆ ಗಾಜಿನ ಕಪಾಟುಗಳೂ ಹಗ್ಗದ ತಡೆಗಳೂ ಕಾವಲುಗಾರರೂ ಬಂದರು. ಇದನ್ನು ಅಧಿಕಾರಸ್ಥರ ದರ್ಪವೆಂದು ಮಾತ್ರ ತಿಳಿಯಬಾರದು. ನಮ್ಮ ಬೆರಳಿನಲ್ಲಿ ಉಪ್ಪಿದೆ, ಎಣ್ಣೆಯಿದೆ, ತೇವವಿದೆ. ಸಾವಿರ ಮಂದಿ ಸವರಿದ ಕಂಚಿನ ಬಣ್ಣ ಮಾಸುತ್ತದೆ, ಕಾಗದ ಕಂದುತ್ತದೆ, ನೇಯ್ಗೆ ಸವೆಯುತ್ತದೆ. ಇಂದು ಒಬ್ಬನ ಕೈಗೆ ದೊರೆತ ಸುಖ ಮುಂದಿನ ತಲೆಮಾರಿನ ಕಣ್ಣಿಗೆ ಆದ ನಷ್ಟವಾಗಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಈ ರಕ್ಷಣೆಯ ನಿಯಮ ಒಂದು ಸೌಂದರ್ಯತತ್ತ್ವವಾಗಿಯೇ ಬೆಳೆಯಿತು. ಬಿಳಿಯ ಗೋಡೆ, ಕಿಟಕಿಯಿಲ್ಲದ ಕೊಠಡಿ, ಸಮನಾದ ಬೆಳಕು, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಧಾರಾಳವಾದ ಬಿಡುವು. ಹೊರಗಿನ ಬೀದಿಯ ಸದ್ದಾಗಲಿ ಅಡುಗೆಮನೆಯ ವಾಸನೆಯಾಗಲಿ ಅಲ್ಲಿಗೆ ನುಸುಳುವಂತಿಲ್ಲ. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾವಿದ, ವಿಮರ್ಶಕ ಬ್ರಯನ್ ಓ'ಡಹರ್ಟಿ ೧೯೭೬ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ಈ ಕೊಠಡಿಯನ್ನು ಬಿಳಿಯ ಘನವೆಂದು ಕರೆದು, ಅದು ನೋಡುವವನ ದೇಹವನ್ನು ಅನಗತ್ಯ ಅತಿಥಿಯನ್ನಾಗಿ ಮಾಡಿ ಕಣ್ಣೊಂದನ್ನೇ ಬರಮಾಡಿಕೊಳ್ಳುತ್ತದೆಂದು ತೋರಿಸಿಕೊಟ್ಟ. ಆ ಲೇಖನಗಳ ಅನಂತರ ಗೋಡೆಯ ಬಿಳುಪನ್ನು ಯಾರೂ ನಿರ್ದೋಷಿಯೆಂದು ನಂಬಲಾಗಲಿಲ್ಲ. ಗೋಡೆಯೂ ಏನನ್ನೋ ಹೇಳುತ್ತಿದೆ ಎಂಬುದು ಸ್ಪಷ್ಟವಾಯಿತು.

ವಿಮರ್ಶಕರು ಇದನ್ನು ಹೇಳುವುದಕ್ಕೆ ಎಷ್ಟೋ ಮೊದಲೇ ಕಲಾವಿದರು ಬಂಡೆದ್ದಿದ್ದರು. ೧೯೩೮ರ ಜನವರಿಯಲ್ಲಿ ಪ್ಯಾರಿಸಿನ ಬೋಜಾರ್ ಗ್ಯಾಲರಿಯಲ್ಲಿ ಸರ್ರಿಯಲಿಸ್ಟ್ ಪಂಥದವರ ಅಂತರರಾಷ್ಟ್ರೀಯ ಪ್ರದರ್ಶನ ಏರ್ಪಟ್ಟಿತು. ಅದರ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದವನು ಮಾರ್ಸೆಲ್ ದ್ಯೂಶಾಂ. ಅವನು ಮುಖ್ಯ ಸಭಾಂಗಣದ ಚಾವಣಿಯಿಂದ ೧,೨೦೦ ಕಲ್ಲಿದ್ದಲಿನ ಚೀಲಗಳನ್ನು ತೂಗುಹಾಕಿಸಿ ಬೆಳಕನ್ನೇ ಮುಚ್ಚಿಬಿಟ್ಟ. ನೆಲದ ಮೇಲೆ ಒಣಗಿದ ಎಲೆಗಳು. ಹುರಿಯುತ್ತಿದ್ದ ಕಾಫಿ ಬೀಜದ ಪರಿಮಳ. ಎಲ್ಲಿಂದಲೋ ಧ್ವನಿವರ್ಧಕದಲ್ಲಿ ಉನ್ಮಾದದ ನಗು. ಆರಂಭದ ಸಂಜೆ ಬಂದವರ ಕೈಗೆ ಬ್ಯಾಟರಿ ದೀಪಗಳನ್ನು ಕೊಟ್ಟು ಚಿತ್ರಗಳನ್ನು ತಾವೇ ಹುಡುಕಿಕೊಳ್ಳುವಂತೆ ಮಾಡಲಾಗಿತ್ತು. ಯೂರೋಪು ಮಹಾಯುದ್ಧದ ಅಂಚಿನಲ್ಲಿದ್ದ ಕಾಲ ಅದು. ತಲೆಯ ಮೇಲೆ ತೂಗುವ ಚೀಲಗಳ ಕೆಳಗೆ ಕತ್ತಲಲ್ಲಿ ತಡವರಿಸುವ ಅನುಭವವನ್ನು ಬರಿಯ ತಮಾಷೆಯೆಂದು ತಳ್ಳಿಹಾಕುವುದು ಕಷ್ಟ.

ಬಂಡಾಯದ ಇನ್ನೊಂದು ಧಾರೆ ಬ್ರೆಜಿಲ್ ದೇಶದಿಂದ ಬಂದಿತು. ಹೇಲಿಯೊ ಒಯ್ಟಿಸಿಕಾ ಎಂಬ ಕಲಾವಿದ ಮೈಮೇಲೆ ಹೊದ್ದು ಕುಣಿಯಬೇಕಾದ ಬಣ್ಣದ ಬಟ್ಟೆಗಳನ್ನು ರಚಿಸಿದ. ಗೋಡೆಗೆ ನೇತುಹಾಕಿದರೆ ಅವಕ್ಕೆ ಜೀವವಿಲ್ಲ. ಕುಣಿಯುವ ಮೈಯೇ ಅವುಗಳ ಚೌಕಟ್ಟು. ೧೯೬೫ರಲ್ಲಿ ರಿಯೊ ನಗರದ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನಕ್ಕೆ ಅವನು ಮಂಗೇರಾ ಎಂಬ ಬಡವರ ಬಸ್ತಿಯ ಸಾಂಬಾ ನರ್ತಕರೊಡನೆ ಬಂದಾಗ ಅವರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಅವರು ಹೊರಗೆ ಕುಣಿದರು. ಇಂದ್ರಿಯಗಳ ಪ್ರಶ್ನೆ ಎಷ್ಟು ಬೇಗ ಸಾಮಾಜಿಕ ಪ್ರಶ್ನೆಯಾಗಿ ಮಾರ್ಪಡುತ್ತದೆಂಬುದಕ್ಕೆ ಇದೊಂದು ನಿದರ್ಶನ. ಮೈಯನ್ನು ಹೊರಗಿಡುವ ಸಭ್ಯತೆ ಕೆಲವರ ಮೈಯನ್ನು ವಿಶೇಷವಾಗಿ ಹೊರಗಿಡುತ್ತದೆ. ಅವನ ಸಮಕಾಲೀನೆ ಲೀಜಿಯಾ ಕ್ಲಾರ್ಕ್ ಕೀಲುಗಳಿಂದ ಜೋಡಿಸಿದ ಲೋಹದ ಫಲಕಗಳ ಶಿಲ್ಪಗಳನ್ನು ಮಾಡಿದಳು. ನೋಡುವವರು ಅವನ್ನು ಕೈಯಲ್ಲಿ ಹಿಡಿದು ಮಡಿಸಿ ತಿರುಗಿಸಬೇಕು. ೨೦೧೪ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವಳ ಸಮಗ್ರ ಪ್ರದರ್ಶನ ನಡೆಸಿದಾಗ ಮೂಲ ಶಿಲ್ಪಗಳನ್ನು ಕಾಪಾಡಿಕೊಂಡು, ಕೈಗೆ ಕೊಡಲೆಂದೇ ಪ್ರತಿಕೃತಿಗಳನ್ನು ಮಾಡಿಸಿ ಇಟ್ಟಿತು. ಮುಟ್ಟಲೆಂದು ಹುಟ್ಟಿದ ಕೃತಿ ಅಮೂಲ್ಯವಾದ ಕೂಡಲೆ ಮುಟ್ಟಬಾರದ್ದಾಗುತ್ತದೆ. ಈ ಇಕ್ಕಟ್ಟಿಗೆ ಪ್ರತಿಕೃತಿ ಪೂರ್ಣ ಪರಿಹಾರವಲ್ಲದಿದ್ದರೂ ಪ್ರಾಮಾಣಿಕವಾದ ಪರಿಹಾರ.

ಈಗ ಪ್ರದರ್ಶನವನ್ನು ಅಣಿಗೊಳಿಸುವವರ ಕೆಲಸದ ಕಡೆ ತಿರುಗೋಣ. ಅವರನ್ನು ಕ್ಯುರೇಟರ್ ಎನ್ನುತ್ತಾರೆ. ಆರೈಕೆ ಮಾಡುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದವದು. ಕೃತಿಗಳನ್ನು ಆರಿಸುವುದು, ಯಾವುದರ ಪಕ್ಕದಲ್ಲಿ ಯಾವುದಿರಬೇಕೆಂದು ನಿರ್ಧರಿಸುವುದು, ಬಂದವರು ಎಲ್ಲಿಂದ ಎಲ್ಲಿಗೆ ನಡೆಯಬೇಕೆಂಬುದನ್ನು ಕಲ್ಪಿಸುವುದು ಅವರ ಹೊಣೆ. ಕಣ್ಣಿಗೆ ಮಾತ್ರ ಸಂಬಂಧಪಟ್ಟ ಪ್ರದರ್ಶನದಲ್ಲಿ ಈ ಕೆಲಸ ಕಷ್ಟವಾದರೂ ಹಿಡಿತಕ್ಕೆ ಸಿಕ್ಕುವಂಥದು. ಒಂದು ಗೋಡೆ ಕಟ್ಟಿದರೆ ಹಿಂದಿನ ಚಿತ್ರ ಮರೆಯಾಗುತ್ತದೆ. ಸದ್ದಿಗೂ ಗಂಧಕ್ಕೂ ಗೋಡೆಯ ಮೇಲೆ ಅಂಥ ಗೌರವವಿಲ್ಲ. ಒಂದು ಕೊಠಡಿಯ ದನಿ ಪಕ್ಕದ ಕೊಠಡಿಯ ಮೌನವನ್ನು ಕೆಡಿಸುತ್ತದೆ. ಆದ್ದರಿಂದ ದಪ್ಪ ಪರದೆಗಳು, ಸದ್ದು ಹೀರುವ ಹಾಸುಗಳು, ತಿರುವುಳ್ಳ ಓಣಿಗಳು ಬೇಕಾಗುತ್ತವೆ. ಗಾಳಿ ಯಾವ ಕಡೆಯಿಂದ ಒಳಬಂದು ಯಾವ ಕಡೆಗೆ ಹೊರಹೋಗುತ್ತದೆಂಬುದನ್ನು ಲೆಕ್ಕ ಹಾಕಿ ಗಂಧದ ಕೊಠಡಿಯನ್ನು ಗಾಳಿ ಹೊರಹೋಗುವ ತುದಿಯಲ್ಲಿ ಇಡಬೇಕಾಗುತ್ತದೆ.

ಮೂಗಿನ ಸ್ವಭಾವವೂ ವಿಚಿತ್ರ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ನಿಂತರೆ ಅದು ಆ ವಾಸನೆಯನ್ನು ಮರೆತುಬಿಡುತ್ತದೆ. ಊದುಬತ್ತಿ ಅಂಗಡಿಯವನಿಗೆ ಅಂಗಡಿಯ ಪರಿಮಳ ತಿಳಿಯದಿರುವುದು ಇದರಿಂದಲೇ. ಆದಕಾರಣ ಗಂಧವನ್ನು ಎಡೆಬಿಡದೆ ಹರಡುವುದಕ್ಕಿಂತ ಬಿಟ್ಟು ಬಿಟ್ಟು ಕೊಡುವುದು ಮೇಲು. ತೆಳುವಾದುದು ಮೊದಲು, ಗಾಢವಾದುದು ಕೊನೆಗೆ, ನಡುವೆ ಏನೂ ವಾಸನೆಯಿಲ್ಲದ ಒಂದು ಬಿಡುವಿನ ಸ್ಥಳ. ನಾರ್ವೆಯ ಸಿಸೆಲ್ ತೋಲಾಸ್ ೨೦೦೬ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಕಲಾಕೇಂದ್ರದಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಳು. ಭಯದಿಂದ ನರಳುವ ಪುರುಷರ ಬೆವರಿನ ವಾಸನೆಯನ್ನು ರಸಾಯನದ ಮೂಲಕ ಮರುಸೃಷ್ಟಿಸಿ ಗೋಡೆಯ ಬಣ್ಣದಲ್ಲಿ ಬೆರೆಸಿದಳು. ಗೋಡೆ ನೋಡುವುದಕ್ಕೆ ಬರಿದಾದ ಬಿಳಿಯ ಗೋಡೆ. ಮುಟ್ಟಿ ಉಜ್ಜಿದವರಿಗೆ ಮಾತ್ರ ವಾಸನೆ. ಮತ್ತೊಬ್ಬನ ಭಯವನ್ನು ತಿಳಿಯಬೇಕಾದರೆ ನಾವೇ ಕೈ ಚಾಚಬೇಕೆಂಬ ಮಾತನ್ನು ಆ ಗೋಡೆ ಒಂದಕ್ಷರವೂ ಇಲ್ಲದೆ ಹೇಳುತ್ತಿತ್ತು.

ಧ್ವನಿಯ ವಿಷಯದಲ್ಲಿ ಕೆನಡಾದ ಜಾನೆಟ್ ಕಾರ್ಡಿಫ್ ೨೦೦೧ರಲ್ಲಿ ರಚಿಸಿದ ಕೃತಿಯನ್ನು ನೆನೆಯಬೇಕು. ಹದಿನಾರನೆಯ ಶತಮಾನದ ಇಂಗ್ಲಿಷ್ ಸಂಗೀತಗಾರ ಥಾಮಸ್ ಟ್ಯಾಲಿಸ್ ನಲವತ್ತು ಬೇರೆ ಬೇರೆ ಕಂಠಗಳಿಗಾಗಿ ರಚಿಸಿದ ಭಕ್ತಿಗೀತವನ್ನು ಅವಳು ಒಂದೊಂದು ಕಂಠವನ್ನೂ ಪ್ರತ್ಯೇಕವಾಗಿ ಮುದ್ರಿಸಿಕೊಂಡು, ಆಳೆತ್ತರದ ನಲವತ್ತು ಧ್ವನಿವರ್ಧಕಗಳನ್ನು ಅಂಡಾಕಾರದಲ್ಲಿ ನಿಲ್ಲಿಸಿದಳು. ನಡುವೆ ನಿಂತವರಿಗೆ ಇಡೀ ಮೇಳ ಕೇಳುತ್ತದೆ. ಒಂದು ಧ್ವನಿವರ್ಧಕದ ಹತ್ತಿರ ಹೋದರೆ ಒಬ್ಬನೇ ಗಾಯಕನ ಉಸಿರು, ಅವನ ಸಣ್ಣ ತೊಡಕು ಸಹ ಕೇಳುತ್ತದೆ. ಸಮೂಹವೆಂದರೆ ಏನು, ಅದರೊಳಗಿನ ಒಬ್ಬ ಮನುಷ್ಯನೆಂದರೆ ಏನು ಎಂಬುದನ್ನು ಕೇಳುಗನು ನಡೆದು ತಿಳಿಯುತ್ತಾನೆ. ಕಚೇರಿಯ ಕುರ್ಚಿಯಲ್ಲಿ ಕುಳಿತವನಿಗೆ ಇದು ದಕ್ಕದು.

ಬೆಳಕನ್ನು ಸಹ ಮೈಯಿಂದ ಅನುಭವಿಸುವಂತೆ ಮಾಡಬಹುದು. ಓಲಫುರ್ ಎಲಿಯಾಸನ್ ೨೦೦೩ರ ಅಕ್ಟೋಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ಬೃಹತ್ ಯಂತ್ರಶಾಲೆಯಲ್ಲಿ ಸೂರ್ಯನೊಬ್ಬನನ್ನು ಕಟ್ಟಿದ. ಸುಮಾರು ೨೦೦ ಹಳದಿ ದೀಪಗಳ ಅರ್ಧಚಕ್ರ, ಅದನ್ನು ಪೂರ್ಣಬಿಂಬವಾಗಿಸುವ ಚಾವಣಿಯ ಕನ್ನಡಿ, ಗಾಳಿಯಲ್ಲಿ ತೆಳುವಾದ ಮಂಜು. ಆರು ತಿಂಗಳೊಳಗಾಗಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಯಾರೂ ಹೇಳದಿದ್ದರೂ ಅವರು ನೆಲದ ಮೇಲೆ ಅಂಗಾತ ಮಲಗಿ, ಮೇಲಿನ ಕನ್ನಡಿಯಲ್ಲಿ ಇರುವೆಗಳಂತೆ ಕಾಣುವ ತಮ್ಮನ್ನು ತಾವು ನೋಡಿಕೊಂಡರು. ಕಲಾಶಾಲೆಯ ನೆಲದ ಮೇಲೆ ಮಲಗುವುದು ಸಹಜವೆನ್ನಿಸುವಂತೆ ಮಾಡಿದ್ದೇ ಆ ವಿನ್ಯಾಸದ ಸಾಧನೆ.

ಇಷ್ಟು ಹೇಳಿದ ಮೇಲೆ ಒಂದು ಸಂಶಯವನ್ನು ಎದುರಿಸಬೇಕು. ಇಂದ್ರಿಯಗಳನ್ನು ಹೆಚ್ಚು ಹೆಚ್ಚು ತೊಡಗಿಸಿದರೆ ಕಲೆಯ ಅನುಭವ ಆಳವಾಗುತ್ತದೆಯೋ, ಅಥವಾ ಜಾತ್ರೆಯ ಮನರಂಜನೆಯಾಗುತ್ತದೆಯೋ? ೨೦೧೫ರ ಆಗಸ್ಟಿನಲ್ಲಿ ಟೇಟ್ ಬ್ರಿಟನ್ ಸಂಗ್ರಹಾಲಯ ಈ ಬಗೆಯ ಒಂದು ಪ್ರಯೋಗವನ್ನೇ ನಡೆಸಿತು. ತನ್ನ ಸಂಗ್ರಹದಿಂದ ನಾಲ್ಕು ಚಿತ್ರಗಳನ್ನು ಆರಿಸಿ ಒಂದೊಂದಕ್ಕೂ ಬೇರೆ ಇಂದ್ರಿಯಗಳ ಜೊತೆ ಕಟ್ಟಿತು. ಜಾನ್ ಲೇಥಮ್ ಬರೆದ ದೊಡ್ಡ ಕಪ್ಪು ಬೊಟ್ಟಿನ ಚಿತ್ರದ ಮುಂದೆ ಅಂಗೈ ಒಡ್ಡಿದರೆ, ಕಿವಿಗೆ ಕೇಳದ ಧ್ವನಿತರಂಗಗಳು ಗಾಳಿಯಲ್ಲಿಯೇ ಅಂಗೈಯನ್ನು ಮುಟ್ಟುತ್ತಿದ್ದವು. ಫ್ರಾನ್ಸಿಸ್ ಬೇಕನ್ನನ ೧೯೪೫ರ ಚಿತ್ರವೊಂದರ ಮುಂದೆ ಇದ್ದಿಲು, ಸಮುದ್ರದ ಉಪ್ಪು, ಹೊಗೆಯ ಘಾಟಿನ ಚಹಾ ಬೆರೆತ ಚಾಕೊಲೆಟ್ ತುಂಡನ್ನು ತಿನ್ನಲು ಕೊಡುತ್ತಿದ್ದರು. ಬಂದವರು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡರೆ ಅವರ ಚರ್ಮದ ತೇವದ ಏರಿಳಿತದಿಂದ ಯಾವ ಚಿತ್ರದ ಎದುರು ಎಷ್ಟು ಉದ್ವೇಗಗೊಂಡರೆಂಬುದು ದಾಖಲಾಗುತ್ತಿತ್ತು.

ಪ್ರಯೋಗ ಕುತೂಹಲಕಾರಿ ಎಂಬುದರಲ್ಲಿ ಸಂಶಯವಿಲ್ಲ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲಿ ಹಾದುಹೋಗಬಹುದಾದ ಚಿತ್ರದ ಮುಂದೆ ಜನ ನಿಂತರು. ಆದರೆ ಬೇಕನ್ ಆ ಚಾಕೊಲೆಟ್ಟನ್ನು ಮಾಡಿರಲಿಲ್ಲ. ಅದು ಒಬ್ಬ ಮಿಠಾಯಿಗಾರನ ವ್ಯಾಖ್ಯಾನ. ಕಾವ್ಯಕ್ಕೆ ಟೀಕೆ ಬರೆಯುವಂತೆ ಚಿತ್ರಕ್ಕೆ ರುಚಿಯಲ್ಲಿ ಬರೆದ ಟೀಕೆಯೆಂದು ಅದನ್ನು ಒಪ್ಪಬಹುದು. ತೊಂದರೆ ಏನೆಂದರೆ ಪುಸ್ತಕದ ಟೀಕೆಯನ್ನು ಬೇಡವಾದವರು ಬಿಟ್ಟು ಓದಬಹುದು. ನಾಲಗೆಗೆ ತಾಗಿದ ರುಚಿಯನ್ನು ಬಿಟ್ಟು ಚಿತ್ರವನ್ನು ನೋಡುವುದು ಸುಲಭವಲ್ಲ. ಮಣಿಕಟ್ಟಿನ ಪಟ್ಟಿಯಾದರೂ ಉದ್ವೇಗವನ್ನು ಅಳೆದೀತೇ ಹೊರತು ಅರಿವನ್ನು ಅಳೆಯಲಾರದು. ಪಕ್ಕದಲ್ಲಿ ಪಟಾಕಿ ಸಿಡಿದರೂ ಚರ್ಮ ಬೆವರುತ್ತದೆ. ಈಗ ಹಲವು ನಗರಗಳಲ್ಲಿ ಹಳೆಯ ಚಿತ್ರಗಾರರ ಕೃತಿಗಳನ್ನು ಗೋಡೆ ನೆಲಗಳ ಮೇಲೆಲ್ಲ ಬೆಳಕಿನಲ್ಲಿ ಹಾಯಿಸಿ ಸಂಗೀತ ಕೂಡಿಸಿ ಟಿಕೆಟ್ಟು ಮಾರುವ ಉದ್ಯಮ ಬೆಳೆದಿದೆ. ಅಲ್ಲಿ ಕಣ್ಣು ಕಿವಿಗಳಿಗೆ ಬೇಕಾದಷ್ಟಿದೆ; ಕುಂಚದ ಗೆರೆಯ ದಪ್ಪವಾಗಲಿ ಬಟ್ಟೆಯ ನಿಜವಾದ ಅಳತೆಯಾಗಲಿ ಮಾತ್ರ ಇಲ್ಲ.

ಇಂದ್ರಿಯಗಳನ್ನು ಆಹ್ವಾನಿಸುವವರು ದೇಹಕ್ಕೆ ಆಗಬಹುದಾದ ಕೆಡುಕಿಗೂ ಹೊಣೆಗಾರರು. ಇದಕ್ಕೆ ಪ್ರಸಿದ್ಧ ಉದಾಹರಣೆ ಚೀನಾದ ಐ ವೈವೈ ೨೦೧೦ರ ಅಕ್ಟೋಬರಿನಲ್ಲಿ ಟೇಟ್ ಮಾಡರ್ನ್‌ನಲ್ಲಿ ಹಾಸಿದ ಸೂರ್ಯಕಾಂತಿ ಬೀಜಗಳು. ಹತ್ತು ಕೋಟಿ ಬೀಜಗಳು, ಪ್ರತಿಯೊಂದೂ ಪಿಂಗಾಣಿಯದು. ಜಿಂಗ್‌ಡೆಝೆನ್ ಪಟ್ಟಣದ ಸುಮಾರು ೧,೬೦೦ ಕುಶಲಕರ್ಮಿಗಳು ಕೈಯಿಂದ ಮಾಡಿ ಬಣ್ಣ ಹಚ್ಚಿದಂಥವು. ಜನರು ಅವುಗಳ ಮೇಲೆ ನಡೆಯಬೇಕು, ಹಿಡಿಯಲ್ಲಿ ಎತ್ತಿ ಸುರಿಯಬೇಕು, ಕಾಲ ಕೆಳಗಿನ ಸದ್ದು ಕೇಳಬೇಕೆಂಬುದು ಯೋಜನೆ. ಆದರೆ ನಡೆದಂತೆಲ್ಲ ಪಿಂಗಾಣಿಯ ನವುರು ಧೂಳು ಏಳತೊಡಗಿತು. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು ಕೆಲವೇ ದಿನಗಳಲ್ಲಿ ನಡೆಯುವುದನ್ನು ನಿಷೇಧಿಸಿ ಹಗ್ಗ ಕಟ್ಟಿದರು. ಅನಂತರ ಬಂದವರು ಎಲ್ಲ ಕಲಾಶಾಲೆಗಳಲ್ಲಿಯಂತೆ ದೂರ ನಿಂತು ನೋಡಿಹೋದರು. ಬಹಳ ಮಂದಿ ಇದನ್ನು ನಿರಾಶೆಯ ಕಥೆಯಾಗಿ ಹೇಳುತ್ತಾರೆ. ಇಲ್ಲಿ ಯೋಚಿಸಬೇಕಾದ ಇನ್ನೊಂದು ಮುಖವೂ ಇದೆ. ಒಂದು ಗಳಿಗೆ ಬಂದುಹೋಗುವ ವೀಕ್ಷಕನಿಗಿಂತ ಅಲ್ಲಿ ದಿನವೆಲ್ಲ ನಿಲ್ಲುವ ಕಾವಲುಗಾರನ ಉಸಿರಾಟಕ್ಕೆ ಧೂಳಿನ ಪ್ರಶ್ನೆ ಹೆಚ್ಚು ಸಂಬಂಧಿಸಿದ್ದು. ಗಂಧವಿರಲಿ, ಗದ್ದಲವಿರಲಿ, ಮಿನುಗುವ ಬೆಳಕಿರಲಿ, ವಿನ್ಯಾಸ ಮಾಡುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದವನು ಹೊರಗೆ ಹೋಗಲು ಸ್ವಾತಂತ್ರ್ಯವಿಲ್ಲದ ಆ ನೌಕರ. ಉಬ್ಬಸದವರಿಗೆ, ಮೂರ್ಛೆರೋಗದವರಿಗೆ ಬಾಗಿಲಲ್ಲಿಯೇ ತಿಳಿಯುವಂತೆ ಎಚ್ಚರಿಕೆ, ಪಕ್ಕದಲ್ಲೊಂದು ಬೇರೆ ದಾರಿ ಇರಬೇಕು. ಆಹ್ವಾನವೆಂದರೆ ನಿರಾಕರಿಸುವ ಅವಕಾಶವೂ ಸೇರಿದ್ದು.

ನಮ್ಮ ನೆರೆಯ ಕೊಚ್ಚಿಯಲ್ಲಿ ೨೦೧೨ರ ಡಿಸೆಂಬರಿನಲ್ಲಿ ಆರಂಭವಾದ ಬಿನಾಲೆ ಎಂಬ ಕಲಾಮೇಳ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಯೋಗ್ಯ. ಅದರ ಮುಖ್ಯ ನೆಲೆಗಳಲ್ಲೊಂದಾದ ಆಸ್ಪಿನ್‌ವಾಲ್ ಹೌಸ್ ೧೮೬೭ರಲ್ಲಿ ಸ್ಥಾಪಿತವಾದ ವ್ಯಾಪಾರಸಂಸ್ಥೆಯೊಂದರ ಕಟ್ಟಡ. ಮೆಣಸು, ಶುಂಠಿ, ಅರಿಸಿನ, ತೆಂಗಿನೆಣ್ಣೆಗಳ ವಹಿವಾಟು ನಡೆದ ಜಾಗ. ಕಡಲಿನ ಗಾಳಿ, ಹಳೆಯ ಮರದ ತೊಲೆ, ಸುಣ್ಣ ಉದುರಿದ ಗೋಡೆ: ಬಿಳಿಯ ಘನಕ್ಕೆ ಸಂಪೂರ್ಣ ವಿರುದ್ಧವಾದ ಸ್ಥಳ. ಇಂಥ ಕಟ್ಟಡಕ್ಕೆ ತನ್ನದೇ ವಾಸನೆಯೂ ನೆನಪೂ ಇರುವುದರಿಂದ ಕ್ಯುರೇಟರ್ ಇಲ್ಲಿ ಹೊಸದಾಗಿ ಏನನ್ನಾದರೂ ಸೇರಿಸುವ ಮೊದಲು ಇರುವುದಕ್ಕೆ ಕಿವಿಗೊಡಬೇಕಾಗುತ್ತದೆ.

೨೦೧೬ರ ಬಿನಾಲೆಗೆ ಕ್ಯುರೇಟರ್ ಆಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿರುವ ಶಿಲ್ಪಿ ಸುದರ್ಶನ ಶೆಟ್ಟಿ. ಅವರು ಚಿತ್ರಕಾರರನ್ನಷ್ಟೇ ಅಲ್ಲದೆ ಕವಿಗಳನ್ನೂ ಕರೆದರು. ಅವರಲ್ಲೊಬ್ಬ ಚಿಲಿ ದೇಶದ ರಾವುಲ್ ಸುರೀತಾ. ೧೯೭೩ರ ಸೈನಿಕ ಕ್ರಾಂತಿಯಲ್ಲಿ ಬಂಧಿತನಾಗಿ ಹಡಗೊಂದರ ಒಡಲಿನಲ್ಲಿ ಸೆರೆಯಾಗಿದ್ದವನು. ೧೯೮೨ರಲ್ಲಿ ವಿಮಾನಗಳ ಹೊಗೆಯಿಂದ ನ್ಯೂಯಾರ್ಕಿನ ಆಕಾಶದ ಮೇಲೆ ಕವಿತೆ ಬರೆಸಿದವನು. ಕೊಚ್ಚಿಯಲ್ಲಿ ಅವನು ಆಸ್ಪಿನ್‌ವಾಲ್ ಹೌಸಿನ ಉದ್ದನೆಯ ಹಜಾರವೊಂದರಲ್ಲಿ ಮೊಣಕಾಲ ಮಟ್ಟದ ಕಡಲ ನೀರು ತುಂಬಿಸಿದ. ಬಂದವರು ಚಪ್ಪಲಿ ಕಳಚಿ, ಬಟ್ಟೆ ಎತ್ತಿ ಕಟ್ಟಿ, ಆ ನೀರಿನಲ್ಲಿ ನಡೆದರೆ ಗೋಡೆಯ ಮೇಲಿನ ಸಾಲುಗಳನ್ನು ಓದಬಹುದು. ಕವಿತೆಯ ಕೊನೆ ದೂರದ ತುದಿಯ ಗೋಡೆಯಲ್ಲಿದೆ.

ಆ ಕವಿತೆ ಗಾಲಿಪ್ ಕುರ್ದಿ ಎಂಬ ಸಿರಿಯಾದ ಬಾಲಕನಿಗೆ ಅರ್ಪಿತವಾದದ್ದು. ೨೦೧೫ರ ಸೆಪ್ಟೆಂಬರ್ ೨ರಂದು ಯುದ್ಧದಿಂದ ಪಾರಾಗಲು ತುರ್ಕಿಯಿಂದ ದೋಣಿಯಲ್ಲಿ ಹೊರಟ ಆ ಸಂಸಾರದಲ್ಲಿ ತಾಯಿಯೂ ಇಬ್ಬರು ಮಕ್ಕಳೂ ಕಡಲಿನಲ್ಲಿ ಸತ್ತರು. ದಡದಲ್ಲಿ ಬೋರಲಾಗಿ ಬಿದ್ದಿದ್ದ ತಮ್ಮ ಅಲಾನನ ಛಾಯಾಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದಿತು. ಅದೇ ನೀರಿನಲ್ಲಿ ಸತ್ತ ಅಣ್ಣನನ್ನು ಲೋಕ ಹಾಗೆ ಕಾಣಲಿಲ್ಲ. ಸುರೀತಾ ಅವನಿಗಾಗಿ ಇನ್ನೊಂದು ಚಿತ್ರ ಬರೆಯಲಿಲ್ಲ. ನೋಡಿ ಮರುಗಿ ಪುಟ ತಿರುಗಿಸುವುದು ನಮಗೆಲ್ಲ ರೂಢಿಯಾಗಿದೆಯೆಂದು ಅವನು ಬಲ್ಲ. ಅದಕ್ಕಾಗಿ ಕಾಲಿಗೆ ತಾಗುವ ನೀರಿನಲ್ಲಿ, ಹೆಜ್ಜೆಹೆಜ್ಜೆಗೂ ತಡೆಯುವ ನೀರಿನಲ್ಲಿ, ನಾವು ನಡೆದೇ ಓದಬೇಕಾಗಿ ಬಂದಿತು. ಓದಿ ಮುಗಿಸಿದ ಮೇಲೆ ಅದೇ ನೀರಿನಲ್ಲಿ ಹಿಂದಿರುಗಬೇಕು. ಹೊರಗೆ ಬಂದ ಮೇಲೆ ಕೂಡ ಬಟ್ಟೆಯ ಅಂಚು ಒದ್ದೆಯಾಗಿ ಉಪ್ಪು ಉಪ್ಪಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ಇಲ್ಲಿ ನೀರು ಅಲಂಕಾರವೂ ಅಲ್ಲ, ಟೀಕೆಯೂ ಅಲ್ಲ. ಅದನ್ನು ತೆಗೆದುಬಿಟ್ಟರೆ ಕವಿತೆ ಉಳಿದೀತು, ಕೃತಿ ಉಳಿಯದು. ಇದಕ್ಕಾಗಿ ಬಳಸಿದ ಸಾಧನಗಳಾದರೂ ಏನು? ಒಂದು ಹಜಾರ, ಒಂದಿಷ್ಟು ಕಡಲ ನೀರು, ಕೆಲವು ಸಾಲುಗಳು. ಇಂದ್ರಿಯಾನುಭವದ ಪ್ರದರ್ಶನಕ್ಕೆ ದುಬಾರಿ ಯಂತ್ರಗಳೇ ಬೇಕೆಂದು ತಿಳಿದವರು ಇದನ್ನು ಗಮನಿಸಬೇಕು.

ಇದೇ ಮಾತಿಗೆ ನಮ್ಮ ನಾಡಿನ ಸಾಕ್ಷ್ಯವೂ ಇದೆ. ಭದ್ರಾವತಿಯಲ್ಲಿ ೧೯೫೭ರಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಅನಂತರ ಶಾಂತಿನಿಕೇತನದಲ್ಲಿ, ಲಂಡನ್ನಿನಲ್ಲಿ ಕಲಿತು ಚಿತ್ರಗಾರ್ತಿಯಾಗಿ ಆರಂಭಿಸಿ, ತೊಂಬತ್ತರ ದಶಕದಲ್ಲಿ ಬಣ್ಣವನ್ನು ಬಿಟ್ಟು ಸಗಣಿ, ಕುಂಕುಮ, ಊದುಬತ್ತಿ, ಕೂದಲ ಹಗ್ಗಗಳನ್ನು ಕೈಗೆತ್ತಿಕೊಂಡರು. ಅವರ ಪ್ರಸಿದ್ಧ ಕೃತಿಯೊಂದರಲ್ಲಿ ನೂರು ಮೀಟರಿಗೂ ಮಿಕ್ಕ ಉದ್ದದ ದಾರಗಳು ಒಂದೊಂದೂ ಸೂಜಿಯ ಕಣ್ಣಿನ ಮೂಲಕ ಹಾದು, ಕುಂಕುಮ ಲೇಪಿಸಿಕೊಂಡು, ಕೆಂಪು ಹಗ್ಗಗಳಾಗಿ ಕೊಠಡಿಯಲ್ಲೆಲ್ಲ ಹರಿಯುತ್ತವೆ. ತುದಿಯಲ್ಲಿ ಸೂಜಿಗಳ ಗೊಂಚಲು. ೨೦೦೭ರಲ್ಲಿ ಜರ್ಮನಿಯ ಡೊಕುಮೆಂಟಾ ಪ್ರದರ್ಶನದಲ್ಲಿ ಅವರು ಊದುಬತ್ತಿಯ ಹಿಟ್ಟನ್ನು ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ ಉರಿಸಿ, ಉಳಿದ ಬೂದಿಯ ಆಕೃತಿಗಳನ್ನೇ ಕೃತಿಯನ್ನಾಗಿ ಇಟ್ಟರು. ೨೦೦೯ರಲ್ಲಿ ವೆನಿಸ್ಸಿನಲ್ಲಿ ತೋರಿಸಿದ ಕೃತಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗ ಮೋಟಾರುಗಳ ಉಕ್ಕಿನ ಬಂಪರುಗಳನ್ನು ಹೊತ್ತು ನಿಂತಿತ್ತು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲ ಹಗ್ಗವನ್ನು ನಾವೆಲ್ಲ ಬೀದಿಯಲ್ಲಿ ಕಂಡವರೇ. ಇಲ್ಲಿ ಗಂಧವನ್ನಾಗಲಿ ಸ್ಪರ್ಶವನ್ನಾಗಲಿ ಹೊರಗಿನಿಂದ ತಂದು ಅಂಟಿಸಿಲ್ಲ. ಅವು ವಸ್ತುವಿನೊಳಗೇ ಇವೆ. ಅದನ್ನು ಹೊಸೆದ, ಹಿಟ್ಟು ಕಲಸಿದ, ಮುಡಿ ಕೊಟ್ಟ ಕೈಗಳ ಕಥೆಯೂ ಅವುಗಳೊಡನೆ ಇದೆ. ನಾವು ಮುಟ್ಟದಿದ್ದರೂ ಬೆರಳು ಅದನ್ನು ಬಲ್ಲದು.

ಪಂಚೇಂದ್ರಿಯಗಳ ಪ್ರದರ್ಶನಕ್ಕೆ ಇನ್ನೊಂದು ಸಮರ್ಥನೆಯಿದೆ; ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಕಣ್ಣು ಕಾಣದವರಿಗೆ ಕಲಾಶಾಲೆ ಶತಮಾನಗಳಿಂದ ಮುಚ್ಚಿದ ಬಾಗಿಲು. ೨೦೧೫ರಲ್ಲಿ ಸ್ಪೇನಿನ ಪ್ರಾಡೊ ಸಂಗ್ರಹಾಲಯ ತನ್ನ ಆರು ಚಿತ್ರಗಳನ್ನು ಬೆರಳಿಗೆ ತಿಳಿಯುವ ಉಬ್ಬುಚಿತ್ರಗಳಾಗಿ ಮಾಡಿಸಿ ಇಟ್ಟಿತು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ 'ಅನುಭವ' ಎಂಬ ಹೆಸರಿನ ಶಾಲೆಯನ್ನು ತೆರೆದು ತನ್ನ ಸಂಗ್ರಹದ ೨೨ ಕೃತಿಗಳ ಪ್ರತಿಕೃತಿಗಳನ್ನು ಮುಟ್ಟಿ ತಿಳಿಯಲು ಒದಗಿಸಿತು. ಇಂಥ ಕಡೆ ವಿನ್ಯಾಸದ ತತ್ತ್ವ ಬೇರೆ. ಬೆರಳು ಕಣ್ಣಿನಂತೆ ಇಡಿಯನ್ನು ಒಮ್ಮೆಗೇ ಗ್ರಹಿಸದು. ತುಂಡು ತುಂಡಾಗಿ ತಿಳಿದು ಕೂಡಿಸಿಕೊಳ್ಳುತ್ತದೆ. ಆದ್ದರಿಂದ ಅನಗತ್ಯ ವಿವರ ಕಡಿಮೆ ಮಾಡಬೇಕು, ಎತ್ತರ ಕುಳಿತವರಿಗೂ ನಿಂತವರಿಗೂ ಎಟುಕಬೇಕು, ಹೇಳುವ ಮಾತು ಬೆರಳಿನ ವೇಗಕ್ಕೆ ಸರಿಯಾಗಿರಬೇಕು. ಕಣ್ಣುಳ್ಳವರಿಗೆ ಇಂದ್ರಿಯಗಳ ಪ್ರದರ್ಶನ ಒಂದು ಹೆಚ್ಚಳ. ಇವರಿಗೆ ಅದು ಪ್ರವೇಶ. ರಿಯೊ ನಗರದಲ್ಲಿ ಹೊರಗೆ ನಿಂತು ಕುಣಿದವರ ಪ್ರಶ್ನೆಯೂ ಇದೇ ಆಗಿತ್ತಲ್ಲವೇ?

ಭಾರತೀಯರಾದ ನಮಗೆ ಇದೆಲ್ಲ ಹೊಸತೇ ಎಂದು ಕೆಲವರು ಕೇಳಬಹುದು. ಗರ್ಭಗುಡಿಯ ಕತ್ತಲು, ಗಂಟೆಯ ನಾದ, ಕರ್ಪೂರದ ಗಂಧ, ತೀರ್ಥದ ರುಚಿ, ಬರಿಗಾಲಿಗೆ ತಾಗುವ ಕಲ್ಲಿನ ತಂಪು ಇವೆಲ್ಲ ನಮ್ಮ ದೇವಾಲಯಗಳಲ್ಲಿ ಎಂದಿನಿಂದಲೋ ಇವೆ ಎನ್ನುವುದು ನಿಜ. ಆದರೆ ದೇವಾಲಯಕ್ಕೆ ಹೋದವನು ನಂಬಿ ಹೋಗುತ್ತಾನೆ. ಪ್ರದರ್ಶನಕ್ಕೆ ಹೋದವನಿಗೆ ಒಪ್ಪದಿರುವ ಹಕ್ಕೂ ಇರುತ್ತದೆ. ಎರಡನ್ನೂ ಒಂದೆನ್ನುವುದು ಎರಡಕ್ಕೂ ಅನ್ಯಾಯ. ಇದಕ್ಕಿಂತ ಹೆಚ್ಚು ಉಪಯುಕ್ತವಾದ ಹೋಲಿಕೆ ನಮ್ಮ ಅಲಂಕಾರಶಾಸ್ತ್ರದಲ್ಲಿದೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವನ್ನು ವಿವರಿಸಲು ಅಡುಗೆಮನೆಗೆ ಹೋಗುತ್ತಾನೆ. ನಾನಾ ವ್ಯಂಜನಗಳೂ ದ್ರವ್ಯಗಳೂ ಕೂಡಿ ರುಚಿ ಹುಟ್ಟುವಂತೆ ಭಾವಗಳು ಕೂಡಿ ರಸ ಹುಟ್ಟುತ್ತದೆಂಬುದು ಅವನ ಅಭಿಪ್ರಾಯ. ಕಲೆಯ ಅತ್ಯುನ್ನತ ಅನುಭವಕ್ಕೆ ನಾಲಗೆಯ ಶಬ್ದವನ್ನೇ ಆರಿಸಿಕೊಂಡ ಪರಂಪರೆ ನಮ್ಮದು. ಆದರೆ ಅಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಡಬ್ಬಿಯಲ್ಲಿರುವ ಸಂಬಾರವನ್ನೆಲ್ಲ ಸುರಿದರೆ ಅಡುಗೆಯಾಗುವುದಿಲ್ಲ. ಯಾವುದನ್ನು ಎಷ್ಟು, ಯಾವಾಗ, ಯಾವುದರ ಜೊತೆ ಎಂಬ ಔಚಿತ್ಯ ಬೇಕು. ಯಾವುದನ್ನು ಹಾಕಬಾರದೆಂಬ ತಿಳಿವು ಇನ್ನೂ ಹೆಚ್ಚಾಗಿ ಬೇಕು.

ಇಂಥ ಪ್ರದರ್ಶನಕ್ಕೆ ಹೋಗುವ ಅವಕಾಶ ಒದಗಿದಾಗ ರಸಿಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳವಾದುದು. ಈ ಗಂಧವನ್ನು, ಈ ಸದ್ದನ್ನು, ಈ ನೀರನ್ನು ತೆಗೆದುಬಿಟ್ಟರೆ ಕೃತಿ ಏನನ್ನು ಕಳೆದುಕೊಳ್ಳುತ್ತದೆ? ಏನೂ ಇಲ್ಲವೆಂದಾದರೆ ಅದು ಬರಿಯ ಸಿಂಗಾರ; ಸ್ವಲ್ಪ ಹೊತ್ತು ಸಂತೋಷಪಟ್ಟು ಮರಳಬಹುದು. ಕೃತಿಯೇ ಇಲ್ಲವಾಗುತ್ತದೆಂದು ತೋರಿದರೆ ಅಲ್ಲಿ ಇನ್ನಷ್ಟು ಹೊತ್ತು ನಿಲ್ಲುವುದು ಒಳ್ಳೆಯದು. ಕ್ಯುರೇಟರ್ ಮತ್ತು ಕಲಾವಿದರು ನಮ್ಮ ಮೈಯನ್ನು ನಂಬಿ ಏನನ್ನೋ ಒಪ್ಪಿಸಿದ್ದಾರೆ. ಅದನ್ನು ಅವಸರವಿಲ್ಲದೆ ಪಡೆದುಕೊಳ್ಳುವುದು ನಮ್ಮ ಪಾಲಿನ ಕೆಲಸ.